ಕೇಳಿದವರಿಗೆ ಹೇಳುವ ಮಾತು

ಬೂದಿ ಬುಧವಾರ ಬೆಳಿಗ್ಗೆ ಚರ್ಚಿನಿಂದ ನೇರ ಆಫೀಸಿಗೆ ಹೋಗುವ ಕ್ರೈಸ್ತರಿಗೆ ಈ ಮಾತು ಹೊಸದಲ್ಲ: ‘ಹಣೆ ಮೇಲೆ ಏನೋ ಮಸಿ ಆಗಿದೆ ನೋಡಿ, ಒರೆಸ್ಕೊಳ್ಳಿ.’ ಹೇಳಿದವರ ಮನಸ್ಸಿನಲ್ಲಿ ಕಾಳಜಿ ಬಿಟ್ಟರೆ ಬೇರೇನಿಲ್ಲ. ಆದರೂ ನಮ್ಮಲ್ಲಿ ಬಹಳ ಮಂದಿ ನಕ್ಕು ಮಾತು ಹಾರಿಸಿಬಿಡುತ್ತಾರೆ. ಇನ್ನು ಕೆಲವರು ಆದಾಮನಿಂದ ಶುರು ಮಾಡಿ ಅಂತಿಮ ತೀರ್ಪಿನವರೆಗೂ ಹೋಗುತ್ತಾರೆ. ಎರಡೂ ಬೇಡ. ‘ಮಸಿ ಅಲ್ಲ ಮೇಡಂ, ಬೂದಿ. ಹೋದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡಿದ್ದು. ನಾವೆಲ್ಲ ಒಂದು ದಿನ ಮಣ್ಣಿಗೆ ಸೇರೋರು ಅಂತ ನೆನಪಿಸೋಕೆ ಹಚ್ತಾರೆ. ಇವತ್ತಿಂದ ಈಸ್ಟರ್ ತನಕ ನಮಗೆ ಉಪವಾಸದ ಕಾಲ.’ ಇಷ್ಟು ಸಾಕು. ಕುತೂಹಲ ಇದ್ದರೆ ‘ಓ, ನಿಮ್ಮಲ್ಲೂ ಉಪವಾಸ ಇದೆಯಾ?’ ಎಂದು ಅವರೇ ಕೇಳುತ್ತಾರೆ. ಇಲ್ಲದಿದ್ದರೆ ಮಾತು ಬೇರೆ ಕಡೆ ತಿರುಗುತ್ತದೆ, ತಿರುಗಲಿ.

ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದನ್ನು ಸೌಮ್ಯವಾಗಿ, ಗೌರವದಿಂದ ಹೇಳಿ ಎಂಬುದು ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯದ ಬುದ್ಧಿಮಾತು. ಈ ಮಾತನ್ನು ಉತ್ಸಾಹದಿಂದ ಹೇಳುವ ಅನೇಕರು ‘ಕೇಳಿದವರಿಗೆ’ ಎಂಬುದನ್ನು ದಾಟಿಕೊಂಡು ಹೋಗುತ್ತಾರೆ. ಯಾರಾದರೂ ಕೇಳಬೇಕಾದರೆ ನಮ್ಮ ನಡತೆಯಲ್ಲಿ ಕೇಳುವಂಥದ್ದು ಏನಾದರೂ ಇರಬೇಕಲ್ಲ? ಸಾಲ ಪಡೆದು ಹೇಳಿದ ದಿನಕ್ಕೆ ಕೊಡದವನು, ಮನೆಕೆಲಸದಾಕೆಗೆ ಬೇರೆ ಲೋಟ ಇಡುವವನು ಕ್ರಿಸ್ತನ ಹೆಸರೆತ್ತಿದರೆ ಕೇಳುವವರು ಮುಖ ತಿರುಗಿಸುವುದು ನ್ಯಾಯವೇ.

ಇ. ಸ್ಟಾನ್ಲಿ ಜೋನ್ಸ್ ಎಂಬ ಅಮೆರಿಕದ ಮೆಥಡಿಸ್ಟ್ ಮಿಷನರಿ 1907ರಲ್ಲಿ ಭಾರತಕ್ಕೆ ಬಂದರು. ಮುಂದೆ ಅವರು ಬೇರೆ ಬೇರೆ ಮತದವರನ್ನು ಒಟ್ಟಿಗೆ ಕೂರಿಸಿ ದುಂಡುಮೇಜಿನ ಮಾತುಕತೆ ನಡೆಸಿದರು. ಅಲ್ಲಿ ವಾದ ಮಾಡುವಂತಿಲ್ಲ, ಇನ್ನೊಬ್ಬರ ನಂಬಿಕೆಯನ್ನು ಜರೆಯುವಂತಿಲ್ಲ. ನಿನ್ನ ನಂಬಿಕೆ ನಿನ್ನ ದಿನನಿತ್ಯದ ಬದುಕಿಗೆ ಏನು ಕೊಟ್ಟಿದೆ, ಅದನ್ನು ಹೇಳು. ಕ್ರೈಸ್ತರಿಗೂ ಇದೇ ನಿಯಮ. ನಮ್ಮ ಊಟದ ಮೇಜಿಗೆ, ಬಸ್ಸಿನ ಸೀಟಿಗೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಕಾಣುವುದಿಲ್ಲ. ‘ನೀವು ನಂಬುವುದು ತಪ್ಪು’ ಎಂದರೆ ಜಗಳ. ‘ಅಪ್ಪ ತೀರಿಕೊಂಡಾಗ ಪ್ರಾರ್ಥನೆಯೇ ನನ್ನನ್ನ ಹಿಡಿದು ನಿಲ್ಲಿಸ್ತು’ ಎಂದರೆ ಎದುರಿಗಿದ್ದವರು ತಮ್ಮ ಮನೆಯ ಮಾತನ್ನೂ ಬಿಚ್ಚುತ್ತಾರೆ.

ಆಗ ನಾವು ಬಾಯಿ ಮುಚ್ಚಿ ಕೇಳಬೇಕು. ಇದು ರೂಢಿಯಾಗಲು ವರ್ಷಗಳೇ ಬೇಕಾಗುತ್ತವೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಸುವಾರ್ತೆ ಸಾರಲೆಂದೇ ಕಡಲು ದಾಟಿ ಬಂದವರು. ಆದರೂ ಇಲ್ಲಿನವರ ಮಾತಿಗೆ ಕಿವಿಗೊಟ್ಟು ಅವರೇ ದಾಸರ ಪದಗಳನ್ನೂ ಬಸವ ಪುರಾಣವನ್ನೂ ಹುಡುಕಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಕಿಟ್ಟೆಲ್ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯದಲ್ಲೇ ಹೇಳಿದರು. ನಾವೋ ಪಕ್ಕದ ಮನೆಯವರ ಮನೆದೇವರು ಯಾರೆಂದು ಒಮ್ಮೆಯೂ ವಿಚಾರಿಸಿರುವುದಿಲ್ಲ. ಜೊತೆಗೆ ‘ಕರ್ತನ ಕೃಪೆ’, ‘ವಾಗ್ದಾನ’, ‘ಅಭಿಷೇಕ’ ಎಂದು ಚರ್ಚಿನೊಳಗಿನ ಕನ್ನಡವನ್ನೇ ಹೊರಗೂ ಆಡುತ್ತೇವೆ. ಸಂತೆಯಲ್ಲಿ ಆಡುವ ಕನ್ನಡದಲ್ಲಿ ಹೇಳಲಾಗದ ನಂಬಿಕೆ ನಮಗೇ ಇನ್ನೂ ಸರಿಯಾಗಿ ದಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಅದರಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕಾನೂನಿನ ಮಾತು ಹಾಗಿರಲಿ, ಮನಸ್ಸಾಕ್ಷಿ ಇನ್ನೂ ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸಬೇಕು. ಎದುರಿಗಿರುವವರಿಗೆ ‘ಬೇಡ’ ಎನ್ನುವ ಧೈರ್ಯ ಇಲ್ಲದ ಕಡೆ ನಾವು ಮಾತೆತ್ತಲೇಬಾರದು. ಸಾಹೇಬರು ಗುಮಾಸ್ತನಿಗೆ, ಮೇಷ್ಟ್ರು ವಿದ್ಯಾರ್ಥಿಗೆ, ಸಂಬಳ ಕೊಡುವವರು ಕೆಲಸದವರಿಗೆ ನಂಬಿಕೆಯ ಮಾತು ಹೇಳಿದರೆ ಅವರು ತಲೆಯಾಡಿಸುವುದು ಬೇರೆ ಕಾರಣಕ್ಕೆ. ಅಂಥ ತಲೆಯಾಡಿಸುವಿಕೆ ಕ್ರಿಸ್ತನಿಗೂ ಬೇಡ.

ಕಾಯಿಲೆಯವರ ಮಂಚದ ಪಕ್ಕವೂ ಅಂಥದ್ದೇ ಜಾಗ. ‘ದೇವರು ಇದ್ದಿದ್ರೆ ನಂಗ್ಯಾಕೆ ಹೀಗೆ ಮಾಡ್ದ?’ ಎಂದು ಅವರು ಕೇಳಿದರೆ ಪುಸ್ತಕದ ಉತ್ತರ ತೆಗೆಯಬೇಡಿ. ‘ಗೊತ್ತಿಲ್ಲಮ್ಮ’ ಎನ್ನಿ, ಅದೇ ನಿಜ. ‘ನಿಮಗೋಸ್ಕರ ಪ್ರಾರ್ಥನೆ ಮಾಡಲಾ?’ ಎಂದು ಒಮ್ಮೆ ಕೇಳಿ. ಹೂಂ ಎಂದರೆ ಎರಡೇ ಮಾತಿನಲ್ಲಿ ಮುಗಿಸಿ. ಬೇಡ ಎಂದರೆ ಮತ್ತೆ ಆ ಮಾತೆತ್ತದೆ, ಮಕ್ಕಳನ್ನು ಸ್ಕೂಲಿನಿಂದ ಕರೆತರುವವರು ಯಾರಿದ್ದಾರೆ, ರಾತ್ರಿ ಆಸ್ಪತ್ರೆಯಲ್ಲಿ ಮಲಗುವವರು ಯಾರು, ವಿಚಾರಿಸಿ. ಯಾರೂ ಇಲ್ಲದಿದ್ದರೆ ಆ ಕೆಲಸ ನೀವು ವಹಿಸಿಕೊಳ್ಳಿ.