ಕಂಡ ಬೆಟ್ಟ

ಮಾಘನ ‘ಶಿಶುಪಾಲವಧ’ದ ನಾಲ್ಕನೆಯ ಸರ್ಗದಲ್ಲಿ ಕೃಷ್ಣ ರೈವತಕ ಬೆಟ್ಟವನ್ನು ನೋಡಿ ಬೆರಗಾಗುತ್ತಾನೆ. ದ್ವಾರಕೆಯವನಿಗೆ ಅದು ಕಂಡ ಬೆಟ್ಟವೇ. ಕ್ಷಣಕ್ಷಣಕ್ಕೂ ಹೊಸದಾಗುವುದೇ ಚೆಲುವು ಎಂಬ ಸಂಸ್ಕೃತದ ಪ್ರಸಿದ್ಧ ಮಾತು ಹುಟ್ಟಿದ್ದು ಅಲ್ಲಿ. ಮಾತನ್ನು ಉದಾಹರಿಸುವವರು ಬೆಟ್ಟವನ್ನು ಮರೆತುಬಿಡುತ್ತಾರೆ. ಬೆಟ್ಟ ಕದಲಿರಲಿಲ್ಲ, ಸಿಂಗರಿಸಿಕೊಂಡೂ ಇರಲಿಲ್ಲ.

ದಾಂಪತ್ಯ ಹಳಸಬಾರದೆಂದು ಬುದ್ಧಿ ಹೇಳುವವರು ಮಾತ್ರ ಬೆಟ್ಟಕ್ಕೇ ಬಣ್ಣ ಬಳಿಯಲು ಹೊರಡುತ್ತಾರೆ. ಕೊಡಗಿನಲ್ಲಿ ಹೋಮ್‌ಸ್ಟೇ, ವಾರ್ಷಿಕೋತ್ಸವಕ್ಕೆ ಸರ್‌ಪ್ರೈಸ್ ಕೇಕು, ಗಂಡ ಬರುವ ಹೊತ್ತಿಗೆ ಮುಖ ತೊಳೆದು ಹೂ ಮುಡಿದುಕೋ ಎಂಬ ಹಳೇ ಉಪದೇಶ. (ಈ ಕೊನೆಯದನ್ನು ಗಂಡಸರಿಗೆ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.)

ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ 1843ರಲ್ಲಿ ‘ಐದರ್/ಆರ್’ ಪ್ರಕಟಿಸಿದ. ಅದರಲ್ಲಿ ಬೇಸರಕ್ಕೆ ಹೆದರುವ ರಸಿಕನೊಬ್ಬ ಬೆಳೆ ಬದಲಾವಣೆಯ ವಿಚಾರ ಹೇಳುತ್ತಾನೆ: ಹೊಲ ಬದಲಿಸುತ್ತ ಹೋಗುವುದು ಒರಟರ ದಾರಿ, ಹೊಲ ಅದೇ ಇರಲಿ, ಬೇಸಾಯದ ಕ್ರಮ ಬದಲಾಗಲಿ. ಕೇಳಲು ಹಿತ. ಆದರೆ ಹೇಳುವವನು ಮದುವೆಯ ಗೊಡವೆಯೇ ಬೇಡವೆನ್ನುವ ಆಸಾಮಿ. ಅವನ ಲೆಕ್ಕದಲ್ಲಿ ಇನ್ನೊಬ್ಬರು ಬರೀ ಮಣ್ಣು. ಪುಸ್ತಕದ ಎರಡನೆಯ ಭಾಗದಲ್ಲಿ ನ್ಯಾಯಾಧೀಶನೊಬ್ಬ ಮದುವೆಯ ಪರ ವಾದಿಸುವುದೇನೋ ನಿಜ, ಆದರೆ ಇಬ್ಬರನ್ನೂ ಸೃಷ್ಟಿಸಿದ ಕೀರ್ಕೆಗಾರ್ 1841ರಲ್ಲೇ ತನ್ನ ನಿಶ್ಚಿತಾರ್ಥ ಮುರಿದುಕೊಂಡಿದ್ದ!

ಬೇಸರ ಹುಟ್ಟುವುದು ಸಂಗಾತಿ ಹಳಬರಾದದ್ದರಿಂದಲ್ಲ, ‘ಇವಳು ಇಷ್ಟೇ’ ಎಂದು ನಾವು ಲೆಕ್ಕ ಮುಗಿಸಿ ಪುಸ್ತಕ ಮುಚ್ಚಿದ್ದರಿಂದ ಎಂದು ನನಗನ್ನಿಸುತ್ತದೆ. ನಾನೂ ಮುಚ್ಚಿದ್ದೆ. ನಾನು ಮೈಸೂರಿನವನು, ಹೆಂಡತಿ ಧಾರವಾಡದವಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. “ಹಂಗ್ಯಾಕ ಮಾಡಾಕತ್ತೀ ಅಣ್ಣಾ? ಸುಮ್ನ ಕುಂದ್ರು, ನಾ ಬಂದ್ ನೋಡ್ತೀನಿ!” ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಮಡಿಲಲ್ಲಿದ್ದ ಸಿಪ್ಪೆಯೆಲ್ಲ ಜಾರಿ ಕೆಳಗೆ ಬಿತ್ತು. ದನಿ ಒಂದು ಸ್ಥಾಯಿ ಮೇಲೇರಿತ್ತು, ಮಾತಿಗೆ ವೇಗ ಬಂದಿತ್ತು, ಅಣ್ಣನನ್ನೇ ಗದರುವ ಸಲಿಗೆಯಿತ್ತು. ನನ್ನೊಡನೆ ಮೈಸೂರು ಕನ್ನಡದಲ್ಲಿ ಹದವಾಗಿ ಮಾತಾಡುವ ಹೆಂಗಸು ಇವಳಲ್ಲ. ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ, ಅಪರಿಚಿತರ ಮಾತು ಕದ್ದು ಕೇಳುವವನ ಹಾಗೆ.

ಬೇಸರ ನಮ್ಮ ನೋಟದ್ದೇ ಎಂಬ ಈ ಮಾತಿಗೊಂದು ಆಕ್ಷೇಪವುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಏರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜೋಡಿಗಳ ಕೈಕಾಲು ಒಂದಕ್ಕೊಂದು ಕಟ್ಟಿ, ಕೈ ತಾಗಿಸದೆ ದಿಂಬೊಂದನ್ನು ಸಾಗಿಸುತ್ತ ಅಂಬೆಗಾಲಿಡಿಸಿದರು. ಸಪ್ಪೆ ಕೆಲಸ ಮಾಡಿದ ಜೋಡಿಗಳಿಗಿಂತ ಇವರು ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ತೋರಿದರು. ಅಂದರೆ ಹೊಸ ಚಟುವಟಿಕೆಗೆ ಬೆಲೆಯಿದೆ, ಹೋಮ್‌ಸ್ಟೇಯವರೇ ಗೆದ್ದರು ಎನ್ನಬಹುದು. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಕಾಲು ಕಟ್ಟಿಸಿಕೊಂಡು ತೆವಳುವಾಗ ಪಕ್ಕದವರು ಯಾವ ಕಡೆ ಎಳೆಯುತ್ತಾರೋ ಗೊತ್ತಿರುವುದಿಲ್ಲ, ಗಮನವಿಟ್ಟು ನೋಡಲೇಬೇಕು. ಊರು ಬದಲಿಸಿಯೂ ಹಳೇ ಲೆಕ್ಕವನ್ನೇ ಹೊತ್ತು ಹೋದವರು ಮಡಿಕೇರಿಯ ಮಂಜಿನಲ್ಲೂ ಮೊಬೈಲ್ ನೋಡುತ್ತ ಕೂರುತ್ತಾರೆ.

ಹಾಗಂತ ದಿನವಿಡೀ ಬೆರಗಾಗುತ್ತ ಸಂಸಾರ ಮಾಡಲಾಗದು. ಗ್ಯಾಸ್ ಬುಕ್ ಮಾಡಬೇಕು, ಮಾತ್ರೆ ನೆನಪಿಸಬೇಕು. ಅವಳು ಹೇಗೆ ಎಂದು ಗೊತ್ತಿರುವುದರಲ್ಲೇ ಒಂದು ನೆಮ್ಮದಿಯಿದೆ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಗೊತ್ತಿರುವುದು ಅಷ್ಟೇ ಅಲ್ಲ ಎಂಬ ಅನುಮಾನ ಉಳಿದರೆ ಸಾಕು.

ಆ ಸಂಜೆ ಸಿಪ್ಪೆ ಗುಡಿಸುತ್ತ ಕೇಳಿದೆ, ಧಾರವಾಡದ ಆ ಮಾತು ನನ್ನ ಹತ್ತಿರ ಯಾಕೆ ಆಡೋದಿಲ್ಲ ಅಂತ.

“ಆಡ್ತಿದ್ನಲ್ಲ ರೀ, ಹೊಸದರಲ್ಲಿ. ನೀವು ನಗ್ತಿದ್ರಿ.”

ನಕ್ಕದ್ದು ನನಗೆ ನೆನಪಿಲ್ಲ.