ರಾತ್ರಿಯ ಬಸ್ ನಿಲ್ದಾಣದಲ್ಲಿ



ಮುದುಕ, ರೋಗಿ, ಹೆಣ, ಸಂನ್ಯಾಸಿಯನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. ದಿನವೂ ನಡೆಯುವ ಇವು 29 ವರ್ಷ ಅವನ ಕಣ್ಣಿಗೆ ಬೀಳದಿರಲು ಸಾಧ್ಯವೇ ಎಂದು ‘ಬುದ್ಧ ಮತ್ತು ಆತನ ಧಮ್ಮ’ದ ಪೀಠಿಕೆಯಲ್ಲೇ ಪ್ರಶ್ನೆ ಎತ್ತಿದರು. ರೋಹಿಣಿ ನದಿ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡವೆಂದು ಶಾಕ್ಯ ಸಂಘದಲ್ಲಿ ಎದುರಾಡಿದ್ದಕ್ಕೆ ಅವನು ಮನೆ ಬಿಡಬೇಕಾಯಿತು ಎಂಬುದು ಅವರ ಉತ್ತರ.

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ರಾತ್ರಿ ಹತ್ತರ ಮೇಲೆ ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಲ್ಲಿ ನಾಲ್ಕಲ್ಲ, ನಲವತ್ತು ದೃಶ್ಯ. ಪುಣೆ, ಮುಂಬೈಗೆ ಗುಳೆ ಹೊರಟ ಕುಟುಂಬಗಳು. ಜೋಳದ ಹಿಟ್ಟಿನ ಚೀಲ, ಬೋಗುಣಿ, ಸುತ್ತಿದ ಕೌದಿ, ಅದರ ಮೇಲೆ ಮಲಗಿದ ಕೂಸು. ಕೂಸನ್ನು ಕಾಯುವವಳು ಐದನೆಯ ತರಗತಿಯ ವಯಸ್ಸಿನ ಅಕ್ಕ. ಮೇಷ್ಟ್ರಲ್ಲವೇ, ನನ್ನ ಕಣ್ಣು ಮೊದಲು ಹೋಗುವುದು ಅವಳ ಕಡೆಗೇ. ನಾಳೆಯಿಂದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು. ಕಸ ಗುಡಿಸುವ ತಾಯಿ ಬಂದರೆ ಜನ ಕಾಲೆತ್ತುತ್ತಾರೆ, ಮುಖ ಎತ್ತುವುದಿಲ್ಲ.

ಮುಪ್ಪು ಯಾರೂ ಕೊಟ್ಟದ್ದಲ್ಲ. ಹೊಲವಿಲ್ಲದ್ದು, ಊರಲ್ಲಿ ಕೂಲಿ ಸಿಗದ್ದು, ಮುಂಗಡ ಕೊಟ್ಟು ಕರೆದೊಯ್ಯುವ ಮೇಸ್ತ್ರಿ, ಇವೆಲ್ಲ ಮನುಷ್ಯರು ಮಾಡಿದ್ದು. ಇದನ್ನು ಹಿಂದಿನ ಜನ್ಮದ ಕರ್ಮ ಎನ್ನುವವರು ನಮ್ಮ ಕೇರಿಗಳಲ್ಲೂ ಇನ್ನೂ ಇದ್ದಾರೆ, ಅದೇ ಬೇಸರ.

ನಿಮ್ಮ ಓಣಿಯಿಂದ ಯಾರಾದರೂ ಮಕ್ಕಳೊಂದಿಗೆ ಗುಳೆ ಹೊರಟಿದ್ದರೆ ಒಂದು ವಿಷಯ ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿಸಿ ತಡವಾಯಿತೆಂದು ಅಲ್ಲಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ. ಬಸ್ಸು ಹತ್ತುವ ಮೊದಲೇ ತಿಳಿಸಿ.