ಬಂಡೆಗೆ ಬಂದ ಮಾತು, ಪ್ರಿಂಟರಿಗೆ ಬಂದ ಮಾತು

ಶಬ್ದವು ನಿತ್ಯವೋ ಅನಿತ್ಯವೋ ಎಂಬುದು ಭಾರತೀಯ ದರ್ಶನಗಳ ಹಳೆಯ ವಾದಗಳಲ್ಲೊಂದು. ಶಬ್ದವು ಮೊದಲೇ ಇದ್ದು ಉಚ್ಚಾರಣೆಯಿಂದ ಪ್ರಕಟವಾಗುತ್ತದೆ, ಅಂದರೆ ಅದಕ್ಕೆ ಅಭಿವ್ಯಕ್ತಿಯುಂಟೇ ಹೊರತು ಉತ್ಪತ್ತಿಯಿಲ್ಲ ಎಂದು ಮೀಮಾಂಸಕರು ಸಾಧಿಸಿದರೆ, ಪ್ರಯತ್ನದಿಂದ ಹುಟ್ಟಿ ಮರುಕ್ಷಣವೇ ಅಳಿಯುವುದನ್ನು ನಿತ್ಯವೆನ್ನಲಾಗದು ಎಂದು ನೈಯಾಯಿಕರು ಅದನ್ನು ನಿರಾಕರಿಸಿದರು.

ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ದೂರದ ಪ್ರಿಂಟರಿಗೆ ಬರಹ ಕಳಿಸುವ ಹಳೆಯ ಏರ್ಪಾಡು ಈ ವಾದವನ್ನು ಹೊಸದಾಗಿ ಎದುರಿಗಿಡುತ್ತದೆ. ಎಲ್‌ಪಿಆರ್ ಆಜ್ಞೆ ಕೊಟ್ಟಾಗ ಬರಹವು ನೇರವಾಗಿ ಕಾಗದಕ್ಕೆ ಇಳಿಯದೆ ಸ್ಪೂಲ್ ಎಂಬ ತಂಗುದಾಣದಲ್ಲಿ ಸರದಿ ಕಾಯುತ್ತದೆ; ಪ್ರಿಂಟ್‌ಕ್ಯಾಪ್ ಎಂಬ ಕಡತದಲ್ಲಿ ಆರ್‌ಎಂ ಎಂಬುದರ ಮುಂದೆ ದೂರದ ಯಂತ್ರದ ಹೆಸರನ್ನೂ ಆರ್‌ಪಿ ಎಂಬುದರ ಮುಂದೆ ಅಲ್ಲಿನ ಪ್ರಿಂಟರಿನ ಹೆಸರನ್ನೂ ಬರೆದಿಟ್ಟರೆ, ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಎಲ್‌ಪಿಡಿ ಎಂಬ ಪ್ರೋಗ್ರಾಮು ಅದನ್ನು ಆ ಯಂತ್ರದ 515ನೆಯ ಪೋರ್ಟಿಗೆ ಮುಟ್ಟಿಸುತ್ತದೆ. ಈ ವಿಧಾನವನ್ನು ವಿವರಿಸುವ 1990ರ ಆರ್‌ಎಫ್‌ಸಿ 1179 ಎಂಬ ದಾಖಲೆಯ ಪ್ರಕಾರ ಪ್ರತಿ ಕೆಲಸವೂ ಎರಡು ಬಗೆಯ ಕಡತಗಳಾಗಿ ಸಾಗುತ್ತದೆ: ಯಾರು, ಯಾವ ಯಂತ್ರದಿಂದ ಕಳಿಸಿದರು ಎಂಬುದನ್ನು ಹೊತ್ತ ಕಂಟ್ರೋಲ್ ಕಡತ ಒಂದು, ಅಚ್ಚಾಗಬೇಕಾದ ಬರಹವನ್ನು ಹೊತ್ತ ಡೇಟಾ ಕಡತ ಇನ್ನೊಂದು. ಪ್ರಿಂಟರ್ ಕೆಟ್ಟು ನಿಂತರೂ ಬರಹವು ಸರದಿಯಲ್ಲಿ ಉಳಿದಿರುವುದನ್ನು ಕಂಡಾಗ ಮೀಮಾಂಸಕರೇ ಗೆದ್ದಂತೆ ತೋರುತ್ತದೆ. ಆದರೆ ಕನ್ನಡ ಲಿಪಿಯನ್ನರಿಯದ ಪ್ರಿಂಟರಿಗೆ ಬರಿಯ ಪಠ್ಯವಾಗಿ ಹೋದ ಕನ್ನಡ ಬರಹವು, ಒಂದು ಬೈಟೂ ಲೋಪವಾಗದೆ ತಲುಪಿದ್ದರೂ, ಅರ್ಥವಿಲ್ಲದ ಗುರುತುಗಳಾಗಿ ಹೊರಬೀಳುತ್ತದೆ. ಆದ್ದರಿಂದ ಅಭಿವ್ಯಂಜಕವು, ಅಂದರೆ ಶಬ್ದವನ್ನು ಪ್ರಕಟಿಸುವ ಸಾಧನವು, ಮೀಮಾಂಸಕರು ಎಣಿಸಿದಷ್ಟು ನಿರ್ಲಿಪ್ತವಲ್ಲವೆಂದು ಒಪ್ಪಲೇಬೇಕಾಗುತ್ತದೆ.

ಮಾತು ತನ್ನನ್ನು ಪ್ರಕಟಿಸುವ ಸಾಧನವನ್ನು ದಾಟಿ ಬರಬೇಕಾದ ಈ ಸಮಸ್ಯೆ ಕೊಪ್ಪಳ ಸೀಮೆಗೆ ಹೊಸತಲ್ಲ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರು ಶಿಲಾಶಾಸನಗಳು, ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಪ್ರಯತ್ನದಿಂದ ಸ್ವರ್ಗ ದೊರೆಯುವುದೆಂದು ಸಾರುವ ಒಂದೇ ಧರ್ಮಸಂದೇಶದ ಪ್ರತಿಗಳು. ಅದೇ ಸಂದೇಶವು ದೂರದೂರದ ಅನೇಕ ಬಂಡೆಗಳ ಮೇಲೂ ಮೂಡಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಒಂದು ವಿಶೇಷವಿದೆ. ಸುವರ್ಣಗಿರಿಯಿಂದ ರಾಜಕುಮಾರನಾದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ತಿಳಿಸುತ್ತಾರೆ ಎಂಬ ರವಾನೆಯ ಮಾತನ್ನೂ ಅಲ್ಲಿ ಸಂದೇಶದ ಜೊತೆಗೇ ಕೊರೆಯಲಾಗಿದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಕಂಟ್ರೋಲ್ ಕಡತವೇ ಬರಹದೊಡನೆ ಅಚ್ಚಾಗಿದೆ. ಕೊನೆಗೆ ಲಿಪಿಕಾರ ಚಪಡನು ತಾನು ಬರೆದೆನೆಂಬುದನ್ನು ಸೇರಿಸಿ, ಲಿಪಿಕಾರನೆಂಬ ಪದವನ್ನು ಉಪಖಂಡದ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇದನ್ನು ಕೈತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಧರ್ಮದ ಮಾತು ಯಾವ ಕೈಗಳನ್ನು ದಾಟಿ ಬಂತೆಂಬುದು ಅಲ್ಲಿ ಧರ್ಮದ ಮಾತಿನಷ್ಟೇ ಸ್ಥಿರವಾಗಿ ಉಳಿದಿದೆ. ಗವಿಮಠದ ಬಂಡೆಯ ಮೇಲಾದರೋ ರವಾನೆಯ ಒಕ್ಕಣೆಯೂ ಇಲ್ಲ, ಲಿಪಿಕಾರನ ಹೆಸರೂ ಇಲ್ಲ. ದೇವಾನಾಂಪ್ರಿಯನು (ಅಂದರೆ ಅಶೋಕನು) ಹೇಳುತ್ತಾನೆ ಎಂದೇ ಅಲ್ಲಿನ ಶಾಸನ ಆರಂಭವಾಗುತ್ತದೆ.